ಸೊಸೆಯ ಕೆಮಿಸ್ಟ್ರಿ, ಅತ್ತೆಯ ಬೋರ್ಡು

೨೦೧೧ ಜನವರಿ ೨, ಭಾನುವಾರ

ಈ ಡೈರಿ ದೇವರಾಜ್ ತಂದುಕೊಟ್ಟದ್ದು. ಪೀಣ್ಯದ ಅವರ ಫ್ಯಾಕ್ಟರಿಯಲ್ಲಿ ಹೊಸ ವರ್ಷಕ್ಕೆ ಎಲ್ಲರಿಗೂ ಒಂದೊಂದು ಹಂಚಿದರಂತೆ. "ನಮ್ಮಮ್ಮನ್ ಮೇಲೆ ಏನಾದ್ರೂ ಸಿಟ್ಟಿದ್ರೆ ಇದ್ರಲ್ಲಿ ಬರ್ಕೊ, ನನ್ ಕಿವೀಲಿ ಬರೀಬೇಡ" ಎಂದು ನಗುತ್ತಾ ಕೊಟ್ಟರು. ಗಂಡ ಇಷ್ಟು ಧಾರಾಳವಾಗಿ ಜಾಗ ಕೊಟ್ಟ ಮೇಲೆ ಬಳಸಿಕೊಳ್ಳದೆ ಇರುವುದುಂಟೆ?

ಮೊದಲು ಸಿಹಿ ಸುದ್ದಿ. ಮಾವ ಒಪ್ಪಿದರು! ಸೆಕೆಂಡ್ ಪಿಯುಸಿಯಲ್ಲಿ ಎರಡು ಸಲ ನನ್ನನ್ನು ಕೆಡವಿದ ಕೆಮಿಸ್ಟ್ರಿಗೆ ಈ ಮಾರ್ಚಿನಲ್ಲಿ ಇನ್ನೊಮ್ಮೆ ಕಟ್ಟುತ್ತೇನೆ. ಉಳಿದ ಸಬ್ಜೆಕ್ಟೆಲ್ಲ ಮದುವೆಗೆ ಮುಂಚೆಯೇ ಪಾಸಾಗಿದೆ. ಇದೊಂದು ದಾಟಿಬಿಟ್ಟರೆ ನೆಲಮಂಗಲದ ನರ್ಸಿಂಗ್ ಶಾಲೆಗೆ ಸೇರಬಹುದು. "ಇದೊಂದೇ ಸಲ. ಫೇಲಾದ್ರೆ ಪುಸ್ತಕ ಎಲ್ಲಾ ರದ್ದಿಗೆ. ಆಮೇಲೆ ಓದು ಗೀದು ಅಂತ ಈ ಮನೇಲಿ ಯಾರೂ ಬಾಯಿ ಬಿಡಂಗಿಲ್ಲ" ಎಂದರು ಮಾವ. ಮಾಕಳಿಯ ಚಿಕ್ಕಬೈರಪ್ಪನವರು ಆಡಿದ ಮಾತಿಗೆ ತಪ್ಪುವವರಲ್ಲ. ಅದೇ ಸಮಾಧಾನ, ಅದೇ ಭಯ.

ಆಯಮ್ಮ ಒಲೆಯ ಮುಂದಿದ್ದರು. ಆಯಮ್ಮ ಎಂದರೆ ನನ್ನ ಅತ್ತೆ ಅಶ್ವತ್ಥಮ್ಮನವರು. ಮುದ್ದೆ ಕೋಲನ್ನು ಪಾತ್ರೆಯ ಅಂಚಿಗೆ ಟಕ್ಕೆಂದು ಕುಟ್ಟಿದರು, ಅಷ್ಟೇ. ಅದು ಅವರ ಭಾಷಣ. ಮದುವೆಯಾಗಿ ಐದು ವರ್ಷದಲ್ಲಿ ನಾನು ಆ ಭಾಷಣಗಳನ್ನು ಕೇಳಿ ಕೇಳಿ ಪಾಂಡಿತ್ಯ ಸಂಪಾದಿಸಿದ್ದೇನೆ.

ಓದಲು ಕೂರಬೇಕು, ಆದರೆ ಹೇಗೆ? ನಮ್ಮ ರಾಗಿ ಹೊಲವಿದ್ದ ಜಾಗದಲ್ಲಿ ಈಗ ಹನ್ನೆರಡು ಬಾಡಿಗೆ ಮನೆಗಳ ವಠಾರವಿದೆ. ಗೇಟಿನಲ್ಲಿ 'ಮನೆ ಬಾಡಿಗೆಗೆ ಇದೆ, ಬೆಲ್ ಮಾಡಿ' ಎಂಬ ತಗಡಿನ ಬೋರ್ಡು. ಎಲ್ಲ ಮನೆ ತುಂಬಿದ್ದರೂ ಮಾವ ಅದನ್ನು ಇಳಿಸುವುದಿಲ್ಲ, ಯಾರೋ ಒಬ್ಬರು ಖಾಲಿ ಮಾಡುವವರು ಇದ್ದೇ ಇರುತ್ತಾರೆ ಎನ್ನುತ್ತಾರೆ. ಬೆಲ್ ಹೊಡೆದವರಿಗೆಲ್ಲ ಮನೆ ತೋರಿಸುವುದು ನನ್ನ ಕೆಲಸ. ಸಾಲದ್ದಕ್ಕೆ ಮಾವನ ತಾಯಿಯ ಕಾಲದಿಂದ ಬಂದ ಒಂದು ಕಟ್ಟಳೆಯಿದೆ. ಯಾರೇ ಹೊಸದಾಗಿ ಬಾಡಿಗೆಗೆ ಬಂದರೂ ಅವರ ಒಲೆಯ ಮೇಲೆ ಮೊದಲ ಹಾಲು ಈ ಮನೆಯ ಸೊಸೆಯ ಕೈಯಲ್ಲೇ ಉಕ್ಕಬೇಕು. ಇವತ್ತು ಬಾಲಾಜಿ ಎಂಬ ಹುಡುಗನ ಸಂಸಾರ ಬಂತು. ಹಾಲು ಉಕ್ಕಿಸಿ, ಪೂಜೆ ಮುಗಿಸಿ, ಆ ಮನೆಯವರು ಕೊಟ್ಟ ಕೇಸರಿಬಾತು ತಿಂದು ಬರುವಷ್ಟರಲ್ಲಿ ಮಧ್ಯಾಹ್ನ. ಕೇಸರಿಬಾತು ಮಾತ್ರ ಚೆನ್ನಾಗಿತ್ತು.

ಜನವರಿ ೯, ಭಾನುವಾರ

ರಿವರ್ಸಿಬಲ್ ರಿಯಾಕ್ಷನ್. ಹಿಂದೆ ಎರಡು ಸಲವೂ ನಾನು ಮುಗ್ಗರಿಸಿದ್ದು ಇದೇ ಪಾಠದಲ್ಲಿ.

ಸೌದೆ ಸುಟ್ಟರೆ ಬೂದಿ, ಬೂದಿ ಮತ್ತೆ ಸೌದೆಯಾಗುವುದಿಲ್ಲ. ಅದು ಒಂದೇ ಕಡೆಯ ದಾರಿ. ಆದರೆ ಸಾರಜನಕ ಮತ್ತು ಜಲಜನಕ ಸೇರಿ ಅಮೋನಿಯಾ ಆದರೆ, ಆ ಅಮೋನಿಯಾ ಒಡೆದು ಮತ್ತೆ ಅವೇ ಎರಡೂ ಆಗುತ್ತವೆ. ಅಲ್ಲಿಯವರೆಗೆ ಸರಿ. ಮುಂದೆ ಹೇಳುತ್ತಾರೆ: ಮುಚ್ಚಿದ ಪಾತ್ರೆಯಲ್ಲಿ ಸ್ವಲ್ಪ ಹೊತ್ತಾದ ಮೇಲೆ ಎಲ್ಲ ನಿಂತುಹೋದಂತೆ ಕಾಣುತ್ತದೆ, ಆದರೆ ಏನೂ ನಿಂತಿರುವುದಿಲ್ಲ. ಇದು ಡೈನಾಮಿಕ್ ಈಕ್ವಿಲಿಬ್ರಿಯಂ. ನಿಂತಿದೆಯೋ ಇಲ್ಲವೋ, ಒಂದು ಮಾತು ಹೇಳಿರಪ್ಪಾ! ಅದನ್ನು ಅರ್ಥ ಮಾಡಿಕೊಳ್ಳಲು ಕಣ್ಣು ಮುಚ್ಚಿದಾಗಲೆಲ್ಲ ಬೆಲ್ಲು. ಒಬ್ಬರಿಗೆ ಪೂರ್ವದ ಬಾಗಿಲು ಬೇಕು, ಒಬ್ಬರಿಗೆ ನಾಯಿ ಸಾಕಬೇಕು, ಒಬ್ಬ ಮಹಾಶಯ "ಸುಮ್ನೆ ಕೇಳೋಣಾಂತ ಬಂದೆ ಅಕ್ಕಾ" ಎಂದ. ಕೊನೆಗೆ ಪುಸ್ತಕ ಮುಚ್ಚಿ ಅತ್ತುಬಿಟ್ಟೆ. ಆಯಮ್ಮ ಬಾಗಿಲಲ್ಲಿ ನಿಂತು ನೋಡಿ ಹೋದರು. ನಗುತ್ತಿದ್ದರೋ ಏನೋ.

ಜನವರಿ ೧೩, ಗುರುವಾರ

ಕುಣಿಯಬೇಕು ಎನ್ನಿಸುತ್ತಿದೆ! ಬರೆಯುವಾಗಲೂ ಕಾಲು ನಿಲ್ಲುತ್ತಿಲ್ಲ.

ಹಬ್ಬದ ಅವರೆಕಾಯಿ ಬಂದಿತ್ತು. ಆಯಮ್ಮನ ಎದುರು ಕೂತು ನೆನೆಸಿದ ಕಾಳು ಹಿದುಕುತ್ತಿದ್ದೆ. ಕೈ ಹಿದುಕುತ್ತಿತ್ತು, ಬಾಯಿ ಪಾಠ ಒಪ್ಪಿಸುತ್ತಿತ್ತು. "ಮುಂದಕ್ಕೆ ಹೋಗುವ ವೇಗ, ಹಿಂದಕ್ಕೆ ಬರುವ ವೇಗ, ಎರಡೂ ಸಮ..." ಎಂದು ಗೊಣಗುತ್ತಿದ್ದಾಗ ಅತ್ತೆ ಕೈ ನಿಲ್ಲಿಸಿದರು.

"ಅದೇನೇ ಅದು, ಮಂತ್ರ ಏಳ್ದಂಗೆ ಏಳ್ತಾ ಇದ್ದೀಯಾ?"

ಹೇಳಿದೆ. ಬೈಸಿಕೊಳ್ಳಲು ಸಿದ್ಧಳಾಗಿಯೇ ಹೇಳಿದೆ. ಅತ್ತೆ ಒಂದು ಕಾಳನ್ನು ಪಿಚಕ್ಕೆಂದು ಹಿದುಕಿ, "ನಮ್ ವಠಾರದಂಗೆ ಅನ್ನು" ಎಂದರು.

"ಅಂದ್ರೆ?"

"ಅಲ್ಲಾ ಕಣೆ, ಬರೋರು ಬತ್ತಾನೇ ಅವ್ರೆ, ಓಗೋರು ಓಯ್ತಾನೇ ಅವ್ರೆ. ಓದ್ವರ್ಸ ಇದ್ದೋರು ಅರ್ಧ ಜನ ಈಗಿಲ್ಲ. ಆದ್ರೂ ಬೀದೀಲಿ ನಿಂತು ನೋಡೋನ್ಗೆ ಏನು ಕಾಣ್ತದೆ? ಅದೇ ವಠಾರ, ಅಂಗೇ ತುಂಬೈತೆ."

ನಾನು ಅವರೆಕಾಳಿನ ತಟ್ಟೆಯನ್ನು ಕೆಳಗಿಟ್ಟು ಅತ್ತೆಯ ಮುಖವನ್ನೇ ನೋಡಿದೆ. ಐದು ವರ್ಷ ಈ ವಠಾರದಲ್ಲಿ ಬೀಗದ ಕೈ ಹಿಡಿದು ಓಡಾಡಿದವಳು ನಾನು. ನನಗೆ ಹೊಳೆಯಲಿಲ್ಲ! ವೇಗವರ್ಧಕ ಎರಡೂ ಕಡೆಯ ಓಟವನ್ನು ಒಂದೇ ಸಮನೆ ಹೆಚ್ಚಿಸುತ್ತದೆ ಎಂದು ಹೇಳಿದ್ದೇ ತಡ, "ಬ್ರೋಕರ್ರು. ಬರೋರ್ನೂ ಬೇಗ ಕರ್ಕೊಂಡ್ ಬತ್ತಾನೆ, ಬೇರೆ ಮನೆ ತೋರ್ಸಿ ಇರೋರ್ನೂ ಬೇಗ ಎಬ್ಬುಸ್ತಾನೆ. ಮನೆ ಲೆಕ್ಕ ಮಾತ್ರ ಅಷ್ಟೇ" ಎಂದರು. ಒತ್ತಡ ಹೆಚ್ಚಾದರೆ ನಾಲ್ಕು ಕಣಗಳು ಸೇರಿ ಎರಡಾಗುವ ಕಡೆಗೆ ವಾಲುತ್ತದೆ ಎಂದೆ. "ಜಾಗ ಇಕ್ಕಟ್ಟಾದ್ರೆ ಒಂಟಿಯಾಗಿರೋರು ಜೊತೆಗೂಡ್ತಾರೆ. ಇದ್ನ ಏಳಾಕೆ ಪುಸ್ತಕ ಬೇಕಾ?"

ಮಧ್ಯೆ ಬೆಲ್ಲು ಹೊಡೆಯಿತು. ಎದ್ದು ಹೋಗಿ ಬಂದು ನೋಡಿದರೆ ಎಲ್ಲಿ ಬಿಟ್ಟಿದ್ದೆ ಎನ್ನುವುದೇ ಮರೆತಿತ್ತು. ಅತ್ತೆಗೆ ನನಗಿಂತ ಹೆಚ್ಚು ಸಿಟ್ಟು ಬಂತು. ಬಂದವರಿಗೆ ಏನು ಗೊತ್ತು ಪಾಪ.

ಜನವರಿ ೧೫, ಶನಿವಾರ

ಸಂಕ್ರಾಂತಿ. ಎಳ್ಳು ಬೆಲ್ಲ ತಿಂದು ಒಳ್ಳೆಯ ಮಾತಾಡು ಎಂದು ಅತ್ತೆಗೆ ಹೇಳಿದೆ, ನನಗೇ ಧೈರ್ಯ ಎಲ್ಲಿಂದ ಬಂತೋ. "ಒಳ್ಳೆ ಮಾತೇ ಬೇಕಾ? ಪುಸ್ತಕ ತಗಂಡ್ ಬಾ" ಎಂದರು. ಹಬ್ಬದ ದಿನವೂ ಓದು!

ಜನವರಿ ೨೭, ಗುರುವಾರ

ದೇವರು ದೊಡ್ಡವನು. ಹಬ್ಬ ಕಳೆದ ಮೇಲೆ ಬೆಲ್ಲೇ ಇಲ್ಲ. ಬೆಂಗಳೂರಿಗೆ ಬರುವ ಜನವೇ ಕಡಿಮೆಯಾದರೋ, ತುಮಕೂರು ರಸ್ತೆಯ ಮೇಲ್ಸೇತುವೆಯಲ್ಲಿ ಹಾರಿಕೊಂಡು ನಮ್ಮನ್ನು ದಾಟಿ ಹೋಗುತ್ತಿದ್ದಾರೋ, ನನಗೇನು? ಊಟವಾದ ಮೇಲೆ ಕೂತರೆ ಹಸು ಹಿಂಡುವವರೆಗೂ ಓದು. ಈಕ್ವಿಲಿಬ್ರಿಯಂ ಮುಗಿದು ಎಲೆಕ್ಟ್ರೋಕೆಮಿಸ್ಟ್ರಿಗೆ ಬಂದಿದ್ದೇನೆ. ಅತ್ತೆ ಈಗ ಸೊಪ್ಪು ಬಿಡಿಸಲು ಬೇಕೆಂದೇ ನನ್ನ ಪಕ್ಕ ಬಂದು ಕೂರುತ್ತಾರೆ. ಮೊನ್ನೆ ಸೀರಿಯಲ್ ಅರ್ಧಕ್ಕೇ ಬಿಟ್ಟು ಬಂದರು, ಇದನ್ನು ದೇವರಾಜ್ ನಂಬಲೇ ಇಲ್ಲ.

ಫೆಬ್ರವರಿ ೫, ಶನಿವಾರ

ಹೊಟ್ಟೆ ಇನ್ನೂ ನೋಯುತ್ತಿದೆ, ನಕ್ಕು ನಕ್ಕು.

ನಾದಿನಿ ಪದ್ಮಾವತಿ ಬಾಣಂತನ ಮುಗಿಸಿ ಗಂಡನ ಮನೆಗೆ ಹೋದ ಮೇಲೆ ಕೂಸನ್ನು ಎತ್ತಿಕೊಂಡು ಮೊದಲ ಸಲ ಬರುವವಳಿದ್ದಳು. ಅತ್ತೆಮ್ಮ ಕೆಂಪಾರತಿಗೆ ಅರಿಶಿನದ ನೀರಿಗೆ ಸುಣ್ಣ ಬೆರೆಸುತ್ತಿದ್ದರು. ಹಳದಿ ನೀರು ರಕ್ತದಂತೆ ಕೆಂಪಾಯಿತು. ನನ್ನ ಕೈಯಲ್ಲಿ ಚಿತ್ರಾನ್ನಕ್ಕೆಂದು ಕೊಯ್ದ ನಿಂಬೆಹಣ್ಣಿತ್ತು. ಕೋತಿ ಬುದ್ಧಿ ಕೇಳಬೇಕೇ? ಹಿಂಡಿಬಿಟ್ಟೆ. ಕೆಂಪೆಲ್ಲ ಮಾಯವಾಗಿ ಮತ್ತೆ ಹಳದಿ!

"ಅಯ್ಯಯ್ಯೋ, ಆರತಿ ಕೆಡಿಸ್ಬಿಟ್ಟೆಯಲ್ಲೇ!"

"ಕೆಡಲಿಲ್ಲ ಅತ್ತೆಮ್ಮಾ, ವಾಪಸ್ ಹೋಯ್ತು ಅಷ್ಟೇ. ಇರಿ." ಒಂದು ಚಿಟಿಕೆ ಸುಣ್ಣ ಹಾಕಿದೆ. ಕೆಂಪು.

ಅತ್ತೆಮ್ಮ ತಟ್ಟೆಯನ್ನೂ ನನ್ನನ್ನೂ ನೋಡಿದರು. ಬಾಗಿಲ ಕಡೆ ಒಮ್ಮೆ ನೋಡಿದರು. ಆಮೇಲೆ ಮೆಲ್ಲಗೆ, "ಇನ್ನೊಂದ್ಸಲ ಮಾಡು" ಎಂದರು. ಮಾಡಿದೆ. "ನಾ ಮಾಡ್ತೀನಿ ಕೊಡು." ಸುಣ್ಣ, ನಿಂಬೆ, ಸುಣ್ಣ, ನಿಂಬೆ. ನಿಂಬೆಹಣ್ಣಿನ ಬುಟ್ಟಿ ಖಾಲಿ. ಅಷ್ಟರಲ್ಲಿ ಹೊರಗೆ ಮಾವ ಕೂಗಿದರು, ಮಗಳು ಬಿಸಿಲಲ್ಲಿ ನಿಂತಿದ್ದಾಳೆ, ಆರತಿ ಎಲ್ಲಿ ಎಂದು. ಓಡಿ ಹೋಗಿ ತಟ್ಟೆ ಎತ್ತಿದರೆ ಅಪ್ಪಟ ಹಳದಿ. ಮಾವನ ಕಣ್ಣು ಕೆಂಪಾಯಿತು, ನೀರು ಮಾತ್ರ ಆಗಲಿಲ್ಲ. ಅತ್ತೆಮ್ಮ ಒಂದಿಷ್ಟೂ ಗಲಿಬಿಲಿಯಾಗದೆ ಸೆರಗಿನ ಗಂಟಿನಿಂದ ಸುಣ್ಣದ ಡಬ್ಬಿ ತೆಗೆದು, "ಅವಸರ ಮಾಡ್ಬೇಡಿ, ಅದು ಎರಡೂ ಕಡೆ ಓಡಾಡ್ತದೆ" ಎಂದರು. ಪದ್ಮಾವತಿ ಕೂಸಿಗೆ ದೃಷ್ಟಿ ತಾಗಿತೆಂದುಕೊಂಡಳೋ ಏನೋ, ನಾವಿಬ್ಬರೂ ಕಂಬ ಹಿಡಿದುಕೊಂಡು ನಗುತ್ತಿದ್ದೆವು.

ಫೆಬ್ರವರಿ ೧೪, ಸೋಮವಾರ

ಬಾಲಾಜಿಗೆ ಹೊಸೂರು ರಸ್ತೆಯ ಕಡೆ ಕೆಲಸವಾಯಿತು. ಚಂದಾಪುರಕ್ಕೆ ಸಾಮಾನು ಸಾಗಿಸಿದ. ಮೂಲೆ ಮನೆಯವರೂ ಮೇಲಿನವರೂ ಮೊದಲೇ ಹೋಗಿದ್ದಾರೆ. ಮೂರು ಬಾಗಿಲಿಗೆ ಬೀಗ. ಮಾವ ಊಟದ ತಟ್ಟೆಯ ಪಕ್ಕದಲ್ಲೇ ಬಾಡಿಗೆ ಲೆಕ್ಕದ ಪುಸ್ತಕ ಬಿಚ್ಚಿಟ್ಟುಕೊಂಡಿದ್ದರು.

ಫೆಬ್ರವರಿ ೨೦, ಭಾನುವಾರ

ಇವತ್ತು ನಗುವಿಲ್ಲ.

ಮಾವ ವಾಸ್ತು ನೋಡುವ ನಲ್ಲಪ್ಪನನ್ನು ಕರೆತಂದರು. ಅವನು ದಾರ ಹಿಡಿದು ವಠಾರವೆಲ್ಲ ಸುತ್ತಿ, ಹಜಾರದಲ್ಲಿ ನನ್ನ ಪುಸ್ತಕಗಳ ಮುಂದೆ ನಿಂತ. "ಈಶಾನ್ಯದಾಗೆ ಕೂತು ಮನೆ ಸೊಸೆ ಓದ್ತಾವ್ಳೆ. ಲಕ್ಷ್ಮಿ ಎದ್ದೋಗ್ತಾವ್ಳೆ" ಎಂದ. ನಾನು ಮೂಲೆ ಬದಲಾಯಿಸುತ್ತೇನೆ ಎಂದರೆ ಮಾವ ಕೇಳಲಿಲ್ಲ. "ಹೊಸಬ್ರು ಬಂದು ಮನೆ ತುಂಬೋವರ್ಗೂ ಪುಸ್ತಕ ಮುಟ್ಟಂಗಿಲ್ಲ. ನಾನು ಓದ್ಬೇಡ ಅಂತಿಲ್ಲ, ಈಗ ಬೇಡ ಅಂತಿದ್ದೀನಿ" ಎಂದು ಎಲ್ಲ ಕಟ್ಟಿ ಬೀರುವಿನ ಮೇಲಿಟ್ಟರು. ಪರೀಕ್ಷೆಗೆ ಉಳಿದಿರುವುದು ಒಂದು ತಿಂಗಳು. ಈಗ ಬೇಡ ಎಂದರೆ ಇನ್ನು ಯಾವತ್ತೂ ಬೇಡ ಎಂದೇ ಅರ್ಥ. ಅಳು ಬಂತು, ಅತ್ತುಬಿಟ್ಟೆ. ಅತ್ತೆಮ್ಮನ ಮುಖ ಸುಣ್ಣದಂತಾಗಿತ್ತು. ಅವರು ಊಟವನ್ನೇ ಮಾಡಲಿಲ್ಲ.

ಫೆಬ್ರವರಿ ೨೧, ಸೋಮವಾರ

ಏನು ದಿನ! ಏನು ದಿನ!

ಬೆಳಿಗ್ಗೆ ಸೆಗಣಿ ಸಾರಿಸುತ್ತಾ ಯೋಚಿಸಿದೆ. ಪುಸ್ತಕ ಬೀರುವಿನ ಮೇಲಿದೆ, ಪಾಠ ತಲೆಯಲ್ಲಿದೆಯಲ್ಲ. ನಮ್ಮಲ್ಲಿ ಖಾಲಿ ಮಾಡುವವರು ಹೆಚ್ಚಾಗಿಲ್ಲ, ಪ್ರತಿ ವರ್ಷವೂ ಈ ಹೊತ್ತಿಗೆ ಇಷ್ಟು ಜನ ಹೋಗುತ್ತಾರೆ. ಹಿಂದಕ್ಕೆ ಹೋಗುವ ವೇಗ ಇದ್ದ ಹಾಗೇ ಇದೆ. ಹಾಗಾದರೆ ಮುಂದಕ್ಕೆ ಬರುವುದು ನಿಂತಿರಬೇಕು. ಬರುವುದು ಏಕೆ ನಿಂತಿತು? ಪೊರಕೆ ಹಿಡಿದುಕೊಂಡೇ ಗೇಟಿಗೆ ಓಡಿದೆ. ಬೋರ್ಡು ಇರಬೇಕಾದ ಕಡೆ ನಾಲ್ಕು ತಂತಿ ತುಂಡು ನೇತಾಡುತ್ತಿದ್ದವು! ಮಾವ, ದೇವರಾಜ್ ಇಬ್ಬರೂ ದಿನಾ ಕೊಟ್ಟಿಗೆಯ ಕಡೆಯ ಗೇಟಿನಿಂದ ಗಾಡಿ ತೆಗೆಯುತ್ತಾರೆ. ನಾನಂತೂ ಪುಸ್ತಕದಿಂದ ತಲೆಯೆತ್ತಿದವಳೇ ಅಲ್ಲ.

ಬೋರ್ಡು ಸಿಕ್ಕಿದ್ದು ತಾರಸಿಯಲ್ಲಿ. ಅಕ್ಷರ ಕೆಳಗೆ, ಬೆನ್ನು ಮೇಲೆ. ಬೆನ್ನ ಮೇಲೆ ಪ್ಲಾಸ್ಟಿಕ್ ಹಾಸಿ ಸಾಲಾಗಿ ಇಟ್ಟ ಅಕ್ಕಿ ಸಂಡಿಗೆ. ಪಕ್ಕದಲ್ಲಿ ಕಾಗೆ ಓಡಿಸಲು ಕೂತಿದ್ದ ಅತ್ತೆಮ್ಮ.

"ಇದೇನು ಅತ್ತೆಮ್ಮಾ?"

"ಆಳಾದೋರು ಬೆಲ್ಲು ಒಡ್ದು ಒಡ್ದು ನಿನ್ ತಲೆ ಕೆಡುಸ್ತಿದ್ರು. ಹಬ್ಬದ ಮಾರ್ನೆ ದಿನ ಬಿಚ್ಚಿ ತಂದೆ. ಪರೀಕ್ಸೆ ಮುಗುದ್ಮೇಲೆ ಕಟ್ಟಾನಾ ಅಂತಿದ್ದೆ." ಆಮೇಲೆ ಮೊಣಕಾಲಿಗೆ ಮುಖ ಒತ್ತಿಕೊಂಡು, "ನಿಂಗೆ ಒಳ್ಳೇದ್ ಮಾಡಾಕ್ ಓಗಿ ನಿನ್ ಪುಸ್ತಕಾನೇ ಕಿತ್ತಂಗಾಯ್ತಲ್ಲೇ" ಎಂದು ಅತ್ತರು.

ಅವರು ಅಳುವುದನ್ನು ನಾನು ನೋಡಿರಲಿಲ್ಲ. ಇದ್ದದ್ದನ್ನು ಇದ್ದಂತೆ ಹೇಳಿದರೆ ನನ್ನ ಪುಸ್ತಕ ಕೆಳಗಿಳಿಯುತ್ತದೆ, ಆದರೆ ಮಾವ ಇವರನ್ನು ಬೀದಿಗೆ ಕೇಳುವಂತೆ ಬೈಯುತ್ತಾರೆ. ಸಂಜೆ ದೇವರಾಜ್ ಬರುವವರೆಗೂ ಕಾದು, ಅಪ್ಪ ಮಗ ಇಬ್ಬರೂ ಹಜಾರದಲ್ಲಿದ್ದಾಗ ಹೇಳಿಬಿಟ್ಟೆ. "ಮಾವ, ಗೇಟಿನಲ್ಲಿ ಬೋರ್ಡೇ ಇಲ್ಲ. ತೆಗೆದಿಟ್ಟವಳು ನಾನು."

ಅಡುಗೆಮನೆಯಿಂದ ಅತ್ತೆಮ್ಮನ ದನಿ ಗುಂಡು ಬಂದಂತೆ ಬಂತು. "ಸುಳ್ಳು ಏಳ್ತಾವ್ಳೆ! ತೆಗ್ದೋಳು ನಾನು."

"ಅಲ್ಲ ಮಾವ, ನಾನೇ."

"ನೀನು ಯಾವಾಗ್ಲೇ ತೆಗ್ದೆ? ಆ ತಂತಿ ಬಿಚ್ಚಾಕೆ ನಿನ್ ಕೈಯಾಗೆ ಆಯ್ತದಾ? ನೋಡ್ರೀ, ನನ್ ಬೆರಳಾಗೆ ಇನ್ನೂ ಗಾಯ ಐತೆ!"

ಐದು ವರ್ಷದಲ್ಲಿ ನಾವು ಜಗಳವಾಡಿದ್ದು ಬೇಕಾದಷ್ಟಿದೆ, ತಪ್ಪು ನನ್ನದು ತನ್ನದು ಎಂದು ಕಿತ್ತಾಡಿದ್ದು ಇದೇ ಮೊದಲು. ದೇವರಾಜ್ ನಗು ತಡೆಯಲಾರದೆ ಹೊರಗೆ ಓಡಿದರು. ಮಾವನಿಗೆ ಯಾರನ್ನು ಬೈಯುವುದೆಂದೇ ತಿಳಿಯಲಿಲ್ಲ. ಮೀಸೆ ತೀಡಿ, "ನಲ್ಲಪ್ಪ ಏಳಿದ್ದು ಸುಳ್ಳೇನಲ್ವಲ್ಲಾ, ಓದಿನ್ ದೆಸೆಯಿಂದ್ಲೇ ತಾನೆ ಖಾಲಿಯಾಗಿದ್ದು" ಎಂದರು. ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎನ್ನುವುದು ಇದಕ್ಕೇ. ಪುಸ್ತಕ ಕೆಳಗಿಳಿಯಿತು. "ಆದ್ರೆ ಬೋರ್ಡ್ ಇವತ್ತೇ ಕಟ್ಬೇಕು. ಮನೆ ಯಾರಾನಾ ತೋರ್ಸ್ಲಿ. ಆಲು ಉಕ್ಸೋದು ಮಾತ್ರ ಸೊಸೆ ಕೈಯಲ್ಲೇ. ಅದ್ರಲ್ಲಿ ಯಾವ ಆಟಾನೂ ಬೇಡ."

ಮಾರ್ಚ್ ೬, ಭಾನುವಾರ

ಬೀಗದ ಕೈ ಈಗ ಅಮ್ಮನ (ಅತ್ತೆಮ್ಮ ಎಂದು ಈಚೆಗೆ ಬಾಯಿಗೇ ಬರುತ್ತಿಲ್ಲ) ಸೊಂಟದಲ್ಲಿ. ಮಂಡಿ ನೋವಿದ್ದರೂ ಮೇಲಿನ ಮನೆ ತೋರಿಸಲು ಹತ್ತುತ್ತಾರೆ. ಬಂದವರಿಗೆ "ಮೆಲ್ಗೆ ಮಾತಾಡ್ರಪ್ಪಾ, ನಮ್ಮುಡ್ಗಿ ಓದ್ತಾವ್ಳೆ" ಎನ್ನುತ್ತಾರೆ. ಎರಡು ಮನೆ ತುಂಬಿತು.

ಮಾರ್ಚ್ ೨೧, ಸೋಮವಾರ

ಪರೀಕ್ಷೆ ಬರೆದು ಬಂದೆ. ಸೀರೆ ಬದಲಾಯಿಸುವ ಮೊದಲೇ ಡೈರಿ ಹಿಡಿದು ಕೂತಿದ್ದೇನೆ.

ಮೂರನೇ ಮನೆಗೆ ಬಂದ ನರಸಿಂಹಯ್ಯನವರಿಗೆ ಇವತ್ತೇ ಬೆಳಿಗ್ಗೆ ಮುಹೂರ್ತ ಇಟ್ಟುಕೊಟ್ಟವನು ಅದೇ ನಲ್ಲಪ್ಪ. ನೆಲಮಂಗಲದಲ್ಲಿ ನನ್ನ ಪೇಪರು, ಇಲ್ಲಿ ಅವರ ಹಾಲು. "ಉಕ್ಕಿಸ್ಬುಟ್ಟು ಓಗು, ಎಷ್ಟೊತ್ತಾಯ್ತದೆ?" ಎಂದರು ಮಾವ. ಅವರ ಗ್ಯಾಸ್ ಸಿಲಿಂಡರಿನಲ್ಲಿ ಉಸಿರೇ ಇರಲಿಲ್ಲ. ಸಣ್ಣ ನೀಲಿ ಉರಿಯ ಮೇಲೆ ದೊಡ್ಡ ಪಾತ್ರೆ ತುಂಬ ಹಾಲು. ಹಾಲ್ ಟಿಕೆಟ್ ಕೈಯಲ್ಲಿ ಹಿಡಿದು ಅದನ್ನೇ ನೋಡುತ್ತಾ ನಿಂತೆ. ಕೆನೆ ಕಟ್ಟಿತೇ ಹೊರತು ಅಲುಗಾಡಲಿಲ್ಲ. ಹೊರಗೆ ದೇವರಾಜ್ ಬೈಕಿನ ಹಾರ್ನ್ ಒತ್ತುತ್ತಲೇ ಇದ್ದರು. ಬಾಗಿಲಿಗೆ ಅಡ್ಡ ಮಾವ. ನನ್ನ ಮೂರನೇ ಸಲವೂ ಹಾಲಿನ ಪಾತ್ರೆಯಲ್ಲೇ ಮುಳುಗಿತು ಎಂದುಕೊಂಡೆ.

ಆಗ ಅಮ್ಮ ಒಳಗೆ ಬಂದರು. ತಲೆಗೆ ಸ್ನಾನ ಮಾಡಿ, ಹೂ ಮುಡಿದು, ರೇಷ್ಮೆ ಸೀರೆ ಉಟ್ಟಿದ್ದರು. ನನ್ನ ಕೈಯಲ್ಲಿದ್ದ ಮಸಿಬಟ್ಟೆಯನ್ನು ಕಿತ್ತುಕೊಂಡರು.

"ನೀನು ಓಗು."

"ಏಯ್, ಸೊಸೆ ಕೈಯಲ್ಲೇ..." ಎಂದರು ಮಾವ.

"ನಾನ್ಯಾರು ಮತ್ತೆ? ನಾನೂ ಈ ಮನೆಗೆ ಸೊಸೆಯಾಗೇ ಬಂದೋಳು. ನಿಮ್ಮವ್ವ ಮೊದುಲ್ನೇ ಮನೇಗೆ ಆಲು ಉಕ್ಸಿದ್ದು ಯಾರ್ ಕೈಯಾಗೆ, ಮರ್ತೋಯ್ತಾ? ನಾನು ಇನ್ನೂ ಸೊಸೇನೇ. ದಾರಿ ಬಿಡಿ, ಮಗಾ ಓಗ್ಲಿ."

ಮಾವ ಪಕ್ಕಕ್ಕೆ ಸರಿದು ದಾರಿ ಬಿಟ್ಟರು. ನಾನು ಓಡಿದೆ. ಹಾಲು ಯಾವಾಗ ಉಕ್ಕಿತೋ ನಾನು ನೋಡಲಿಲ್ಲ. ಬೈಕಿನ ಹಿಂದೆ ಕೂತು ರಸ್ತೆಯುದ್ದಕ್ಕೂ ಅಳುತ್ತಲೇ ಇದ್ದೆ, ಯಾಕೆ ಅಳುತ್ತಿದ್ದೀಯಾ ಎಂದು ದೇವರಾಜ್ ಕೇಳಿದರೆ ಗಾಳಿ ಎಂದೆ. ಪೇಪರಿನಲ್ಲಿ ಈಕ್ವಿಲಿಬ್ರಿಯಂ ಕೇಳಿದ್ದರು! ಪುಟ ತುಂಬ ಬರೆದೆ. ಬ್ರೋಕರ್ ಎಂದು ಬರೆದು ಹೊಡೆದುಹಾಕಿ ವೇಗವರ್ಧಕ ಎಂದು ತಿದ್ದಿದೆ.

ಮೇ ೫, ಗುರುವಾರ

ಪಾಸು! ಪಾಸು! ಪಾಸು!

ಪೀಣ್ಯದ ಸೈಬರ್ ಸೆಂಟರಿನಿಂದ ದೇವರಾಜ್ ಫೋನಿನಲ್ಲಿ ಕೂಗಿದ್ದು ಫೋನಿಲ್ಲದೆಯೇ ಮಾಕಳಿಗೆ ಕೇಳಿಸಿರಬೇಕು. ನಾನು ಹಜಾರದಲ್ಲಿ ಮೂರು ಸುತ್ತು ಗಿರಕಿ ಹೊಡೆದು ಕಂಬಕ್ಕೆ ಡಿಕ್ಕಿ ಹೊಡೆದೆ. ಮಾವ ಹೊಸ ಪಂಚೆ ಉಟ್ಟು ಮೈಸೂರುಪಾಕಿನ ಡಬ್ಬ ಹಿಡಿದು ವಠಾರದ ಬಾಗಿಲು ಬಾಗಿಲಿಗೆ ಹೋಗುತ್ತಿದ್ದಾರೆ. "ನಾನೇ ಓದ್ಸಿದ್ದು" ಎನ್ನುತ್ತಿರುವುದು ಇಲ್ಲಿಗೇ ಕೇಳುತ್ತಿದೆ.

ಅಮ್ಮ ಮಾತ್ರ ಕಾಣಲಿಲ್ಲ. ಹುಡುಕಿದರೆ ಹಿತ್ತಿಲ ಒಗೆಯುವ ಕಲ್ಲಿನ ಮೇಲೆ, ನನಗೆ ಬೆನ್ನು ಮಾಡಿ ಕೂತಿದ್ದರು. ಕೈಯಲ್ಲಿದ್ದ ಮೈಸೂರುಪಾಕು ಹಾಗೇ ಇತ್ತು.

"ಅಮ್ಮಾ, ಪಾಸಾದೆ!"

"ಊಂ. ಕೇಳುಸ್ತು."

"ಖುಷಿ ಇಲ್ವಾ?"

"ಯಾಕಿಲ್ಲ. ಓಗು. ಎಲ್ರೂ ಓಗೋರೇ. ಅದೆಲ್ಲೋ ಆಸ್ಟೆಲ್ಲಂತೆ, ಮೂರು ವರ್ಸವಂತೆ, ಮೇಲ್ಮನೆಯೋಳು ಏಳಿದ್ಲು. ನಿನ್ನ ಕಳ್ಸಾಕೇ ನಾನು ಇಷ್ಟೆಲ್ಲಾ ಒದ್ದಾಡ್ದಂಗಾಯ್ತು."

ನಾನು ಕಲ್ಲಿನ ತುದಿಯಲ್ಲಿ ಪಕ್ಕಕ್ಕೆ ಕೂತೆ. "ಹಾಸ್ಟೆಲ್ ಯಾರಿಗಮ್ಮಾ? ನೆಲಮಂಗಲ ಇಲ್ಲೇ ಅಲ್ವಾ? ಬೆಳಿಗ್ಗೆ ಬಸ್ಸಿಗೆ ಹೋಗಿ ಸಂಜೆ ಬಸ್ಸಿಗೆ ಬರ್ತೀನಿ."

ಅಮ್ಮ ತಿರುಗಿ ನೋಡಿದರು. "ದಿನಾ?"

"ದಿನಾ."

"ಭಾನ್ವಾರ?"

"ಭಾನುವಾರ ಹೋಗೋದೇ ಇಲ್ಲ."

ಅವರು ಸೆರಗಿನಿಂದ ಮೂಗು ಒರೆಸಿಕೊಂಡು, ಮೈಸೂರುಪಾಕನ್ನು ಎರಡು ತುಂಡು ಮಾಡಿ ದೊಡ್ಡದನ್ನು ನನ್ನ ಬಾಯಿಗಿಟ್ಟರು. "ಅಂಗಾದ್ರೆ ಪಾಸಾಗಿದ್ದು ಒಳ್ಳೇದೇ ಆಯ್ತು ಬಿಡು" ಎಂದರು.